ಗಿಣ್ಣಿನ ಪಿಜ್ಜಾ

ಮಗಳು ಓವನ್ ತೆರೆದಳು. ಕರಗಿದ ಚೀಸಿನ ಘಮಕ್ಕೆ ನಾನು ಸೀದಾ ಹೊಸನಗರದ ಅಜ್ಜಿಮನೆಗೆ ಹೋಗಿಬಿಟ್ಟೆ.

ಚಿಕ್ಕವಳಿದ್ದಾಗ ಒಮ್ಮೆ ವಾರಪತ್ರಿಕೆಯಲ್ಲಿ ಬಂದಿದ್ದ ಪಿಜ್ಜಾ ಮಾಡುವ ವಿಧಾನವನ್ನು ಕತ್ತರಿಸಿ ಒಯ್ದಿದ್ದೆ. ಚೀಸ್ ಎಂದರೇನೆಂದು ಗೊತ್ತಿರಲಿಲ್ಲ. ನಿಘಂಟಿನಲ್ಲಿ 'ಗಿಣ್ಣು' ಎಂದಿತ್ತು!

"ಹಂಗಾರೆ ಗೌರಿ ಕರ ಹಾಕ್ಲಿ, ತಡಿ" ಎಂದಳು ಅಜ್ಜಿ.

ಅಂದಿನಿಂದ ಕೊಟ್ಟಿಗೆಗೆ ಓಡಿದ್ದೇ ಓಡಿದ್ದು. ಅಂತೂ ಗೌರಿ ಈದಳು! ಅಜ್ಜಿ ಬಾಣಲೆಯಲ್ಲಿ ದಪ್ಪ ರೊಟ್ಟಿ ತಟ್ಟಿ, ಟೊಮೆಟೊ, ಈರುಳ್ಳಿ ಹರಡಿ, ಬೇಯಿಸಿದ ಗಿಣ್ಣಿನ ಚೂರುಗಳನ್ನಿಟ್ಟು, ಮುಚ್ಚಳದ ಮೇಲೆ ಕೆಂಡ ಸುರಿದಳು. ಕಚ್ಚಿದರೆ ಸಿಹಿ!

"ಅಜ್ಜಿ, ಬೆಲ್ಲ ಹಾಕಿದ್ಯಾ?"

"ಬೆಲ್ಲ, ಏಲಕ್ಕಿ ಇಲ್ದೆ ಯಾರಾದ್ರೂ ಗಿಣ್ಣು ಮಾಡ್ತಾರೇನೇ?"

ಒಂದು ಚೂರೂ ಉಳಿಯಲಿಲ್ಲ.

"ಹೇಗಿದೆ ಅಮ್ಮ?" ಮಗಳು ಕೇಳುತ್ತಿದ್ದಾಳೆ. ಬಾಯಲ್ಲಿ ಚೀಸು ನೂಲುನೂಲಾಗಿ ಬರುತ್ತಿದೆ.

"ಎಲ್ಲಾ ಸರಿ ಇದೆ. ಏಲಕ್ಕಿ ಒಂದು ಮರೆತಿದ್ದೀಯ" ಎಂದೆ.