ಹೂಂ ಅಂದರೆ ಬರೆದುಕೊಳ್ಳುವ ಹಾಗಿಲ್ಲ

ಗೋಡೆಯ ಮೇಲೆ ಚೌಕಟ್ಟು ಹಾಕಿಸಿ ನೇತುಹಾಕಿದ ಪ್ರಮಾಣಪತ್ರ ಕಂಡರೆ ಮೂಗು ಮುರಿಯುವುದು ನನ್ನ ಹಳೆಯ ಚಟ. ಹೋಟೆಲಿನಲ್ಲಿ ಶುಚಿತ್ವದ ಪತ್ರ ಕಂಡರೆ ಮೊದಲು ಕೈ ತೊಳೆಯುವ ತೊಟ್ಟಿಯ ಕೆಳಗೆ ಬಗ್ಗಿ ನೋಡುತ್ತೇನೆ. ಶಾಲೆಯಲ್ಲಿ ಕಂಡರೆ ಮಕ್ಕಳ ಶೌಚಾಲಯ ಎಲ್ಲಿದೆ ಎಂದು ವಿಚಾರಿಸುತ್ತೇನೆ. ಇಂಥ ಹೊತ್ತಿನಲ್ಲಿ ನನ್ನ ಹೆಂಡತಿ ಗಿರಿಜಾ ನಾಲ್ಕು ಮಾರು ದೂರ ಸರಿದು, ಈ ಮನುಷ್ಯನಿಗೂ ತನಗೂ ಪರಿಚಯವೇ ಇಲ್ಲವೆಂಬಂತೆ ಬೀದಿ ನೋಡುತ್ತ ನಿಲ್ಲುತ್ತಾಳೆ. ಆದರೆ ನನ್ನದೇನು ತಪ್ಪು ಹೇಳಿ. ಯಶವಂತಪುರದ ಕಾರ್ಖಾನೆಯೊಂದರ ಗುಣಮಟ್ಟ ತಪಾಸಣೆ ವಿಭಾಗದಲ್ಲೇ ಆಯುಷ್ಯ ಸವೆಸಿ ನಿವೃತ್ತನಾದವನು ನಾನು. ಪ್ರಮಾಣಪತ್ರಗಳು ಹೇಗೆ ಹುಟ್ಟುತ್ತವೆ ಎಂಬುದನ್ನು ಹೆರಿಗೆ ಕೋಣೆಯ ಒಳಗೇ ನಿಂತು ನೋಡಿದ್ದೇನೆ.

ಹೊರಗಿನವರು ತಪಾಸಣೆಗೆ ಬರುತ್ತಾರೆಂದರೆ ನಮ್ಮ ಕಾರ್ಖಾನೆಗೆ ಮದುವೆಮನೆಯ ಕಳೆ ಬರುತ್ತಿತ್ತು. ನೆಲಕ್ಕೆ ಹಳದಿ ಗೆರೆಗಳು ಬೀಳುತ್ತಿದ್ದವು, ಬೆಂಕಿ ಆರಿಸುವ ಕೆಂಪು ಸಿಲಿಂಡರುಗಳ ಮೇಲಿನ ಧೂಳು ಹೋಗುತ್ತಿತ್ತು, ನರ್ಸರಿಯಿಂದ ಕ್ರೋಟನ್ ಗಿಡದ ಕುಂಡಗಳು ಬಾಡಿಗೆಗೆ ಬರುತ್ತಿದ್ದವು. ‘ಗುಣಮಟ್ಟದ ನೀತಿ’ ಎಂಬ ಒಂದು ಪ್ಯಾರಾವನ್ನು ಎಲ್ಲ ಕಾರ್ಮಿಕರಿಗೂ ಬಾಯಿಪಾಠ ಮಾಡಿಸುವುದು ನನ್ನ ಪಾಲಿನ ಕೆಲಸ. ಲೇತ್ ಮೆಷಿನ್ನಿನ ಹನುಮಂತಪ್ಪ ಅದನ್ನು ಕಣ್ಣುಮುಚ್ಚಿ ಭಜನೆಯ ಧಾಟಿಯಲ್ಲಿ ಒಪ್ಪಿಸಿದ್ದ. ಬಂದವರು “ಇದರ ಅರ್ಥ ಗೊತ್ತಲ್ವೇನಪ್ಪಾ?” ಎಂದು ಕೇಳಿದರು. ಹನುಮಂತಪ್ಪ “ಹೂಂ ಸಾರ್” ಎಂದ. ಅವರೂ ಹೂಂ ಎಂದು ಬರೆದುಕೊಂಡು ಮುಂದೆ ಹೋದರು. ಪ್ರಮಾಣಪತ್ರ ಬಂತು, ಕುಂಡಗಳು ನರ್ಸರಿಗೆ ವಾಪಸು ಹೋದವು.

ಇಷ್ಟೆಲ್ಲ ಪೀಠಿಕೆ ಯಾಕೆಂದರೆ, ಕಳೆದ ಚಳಿಗಾಲದಲ್ಲಿ ಗಿರಿಜಾಳ ಬಲಗಡೆಯ ಕಿಡ್ನಿಯಲ್ಲಿ ಗಂಟು ಕಾಣಿಸಿಕೊಂಡಿತು. ಪಕ್ಕೆ ನೋವೆಂದು ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಲು ಹೋದವಳು, ತೆರೆಯ ಮೇಲೆ ಕಂಡ ಬೂದುಬಣ್ಣದ ಒಂದು ಮುದ್ದೆಯನ್ನು ಹೊತ್ತುಕೊಂಡು ಮನೆಗೆ ಬಂದಳು. ಅದು ಎಂಥ ಗಂಟು, ಎಷ್ಟು ಆಳಕ್ಕೆ ಇಳಿದಿದೆ ಎಂದು ತಿಳಿಯಲು ಸಿ.ಟಿ. ಸ್ಕ್ಯಾನ್ ಆಗಬೇಕು, ಅದೂ ಡೈ ಹಾಕಿ, ಎಂದರು ಡಾಕ್ಟರು. ಡೈ ಎಂದರೆ ರಕ್ತನಾಳಕ್ಕೆ ಬಿಡುವ ಒಂದು ಔಷಧಿ. ಅದು ಮೈಯೊಳಗೆ ಹರಿದಾಗ ಒಳಗಿನದೆಲ್ಲ ಚಿತ್ರದಲ್ಲಿ ಸ್ಪಷ್ಟವಾಗುತ್ತದಂತೆ. ಡಾಕ್ಟರ ಸಹಾಯಕ ಚೀಟಿ ಬರೆಯುತ್ತ, ತಲೆ ಎತ್ತದೆ, “ಅಲರ್ಜಿ ಗಿಲರ್ಜಿ ಏನೂ ಇಲ್ಲ ತಾನೇ ಅಮ್ಮ?” ಎಂದ. ಗಿರಿಜಾ “ಹೂಂ” ಎಂದಳು. ಆತ ‘ಇಲ್ಲ’ ಎಂದು ಬರೆದ. ನಾನು ಆ ಚೀಟಿಯನ್ನು ಜೋಪಾನವಾಗಿ ಅಂಗಿಯ ಜೇಬಿಗೆ ಇಟ್ಟುಕೊಂಡೆ. ಆಗ ನನ್ನ ತಲೆಯಲ್ಲಿ ಇದ್ದದ್ದು ಗಂಟು ಒಂದೇ.

ನಾವು ಗದಗಿನ ಕಡೆಯವರು. ಯಲಹಂಕದ ಹತ್ತಿರದ ಕೋಗಿಲಿನಲ್ಲಿ ಮನೆ ಕಟ್ಟಿಸಿಕೊಂಡು ತಲೆಗೂದಲು ಹಣ್ಣಾಗಿದ್ದರೂ ಗಿರಿಜಾಳ ನಾಲಗೆ ಇನ್ನೂ ಊರು ಬಿಟ್ಟು ಬಂದಿಲ್ಲ. ಯಲಹಂಕದ ಮುಖ್ಯರಸ್ತೆಯಲ್ಲಿ, ಟೈರ್ ಅಂಗಡಿಯ ಪಕ್ಕದ ಸ್ಕ್ಯಾನಿಂಗ್ ಸೆಂಟರಿಗೆ ಹೋದೆವು. ಒಳಗೆ ಕಾಲಿಟ್ಟರೆ ಎದುರಿಗೇ ಚೌಕಟ್ಟು. ಗುಣಮಟ್ಟ ಮತ್ತು ಸುರಕ್ಷತೆಗಾಗಿ ಮಾನ್ಯತೆ ಪಡೆದ ಸಂಸ್ಥೆ ಎಂದು ಅದರಲ್ಲಿ ಬರೆದಿತ್ತು. ಕೆಳಗೆ ಕನ್ನಡದಲ್ಲಿ ಒಂದು ಸಾಲು: ‘ಸರ್ಕಾರದ ಪರವಾನಗಿ ಕಡ್ಡಾಯ, ಈ ಮಾನ್ಯತೆ ಕಡ್ಡಾಯವಲ್ಲ, ಇದನ್ನು ನಾವು ಸ್ವಇಚ್ಛೆಯಿಂದ ಪಡೆದಿದ್ದೇವೆ.’ ಸ್ವಇಚ್ಛೆಯಂತೆ! ನನ್ನ ಮೂಗು ತಾನಾಗಿ ಮುರಿದುಕೊಂಡಿತು. ಕಣ್ಣು ಕ್ರೋಟನ್ ಕುಂಡ ಹುಡುಕಿತು. ಮೂಲೆಯಲ್ಲಿ ಇತ್ತು! ಹತ್ತಿರ ಹೋಗಿ ಬಗ್ಗಿ ನೋಡಿದೆ. ಕುಂಡದ ಸುತ್ತ ನೆಲದ ಮೇಲೆ ಬಹಳ ದಿನದ ನೀರಿನ ಕಲೆ ಉಂಗುರದ ಹಾಗೆ ಗಟ್ಟಿಯಾಗಿ ಕೂತಿತ್ತು. ಅಂದರೆ ಬಾಡಿಗೆಯದ್ದಲ್ಲ. ನನಗೆ ಕೊಂಚ ನಿರಾಸೆಯೇ ಆಯಿತು ಅನ್ನಿ.

ಅಷ್ಟರಲ್ಲಿ ಒಳಗಿನಿಂದ ಟೆಕ್ನಿಷಿಯನ್ ಹುಡುಗಿ ಬಂದಳು. ಕಾವ್ಯಾ ಎಂದು ಎದೆಯ ಮೇಲೆ ಬಿಲ್ಲೆ ಇತ್ತು. ಬಾಗಲೂರಿನವಳು ಎಂದು ಆಮೇಲೆ ಗೊತ್ತಾಯಿತು. ತಾಳ್ಮೆ ಕಡಿಮೆಯ ಮುಖ. ಗಿರಿಜಾಳ ಮುಂದೆ ನಿಂತು, “ಅಮ್ಮ, ನಿಮ್ಮ ಹೆಸ್ರು ಹೇಳಿ” ಎಂದಳು. ಗಿರಿಜಾ ನನ್ನ ಮುಖ ನೋಡಿದಳು. ನಾನು “ಗಿರಿಜಾ” ಎಂದೆ.

“ಸಾರ್, ನೀವಲ್ಲ. ಅಮ್ಮನೇ ಹೇಳ್ಬೇಕು.”

“ಚೀಟಿಯೊಳಗ ಬರದೈತಲ್ಲಮ್ಮ, ಓದಿ ಹೌದೇನು ಅಂತ ಕೇಳಿದ್ರ ಮುಗೀತು” ಎಂದೆ.

“ಹಂಗೆ ಕೇಳಂಗಿಲ್ಲ ಸಾರ್. ನಂಗೂ ತಲೆನೋವೇ ಇದು. ಆದ್ರೆ ಹೂಂ ಅಂದ್ರೆ ಬರ್ಕೊಳ್ಳೋ ಹಾಗಿಲ್ಲ ಅಂತ ನಮ್ ಮೇಡಮ್ ಆರ್ಡರ್ರು.”

ಇಲ್ಲಿ ಒಂದು ಗಳಿಗೆ ನಿಂತು ಈ ‘ಹೂಂ’ ಬಗ್ಗೆ ಹೇಳಲೇಬೇಕು. ನಮ್ಮ ಭಾಷೆಯಲ್ಲಿ ಇಷ್ಟು ಚಿಕ್ಕ ಶಬ್ದಕ್ಕೆ ಇಷ್ಟು ದೊಡ್ಡ ಸಂಸಾರ ಇನ್ನೊಂದಿರಲಾರದು. ಅಜ್ಜಿ ಕಥೆ ಹೇಳುವಾಗ ಮೊಮ್ಮಕ್ಕಳು ಹೂಂಗುಟ್ಟದಿದ್ದರೆ ರಾಜಕುಮಾರ ಕಾಡಿನ ನಡುವೆಯೇ ನಿಂತುಬಿಡುತ್ತಿದ್ದ. ಆ ಹೂಂಗೆ ‘ಒಪ್ಪಿದೆ’ ಎಂಬ ಅರ್ಥವಿಲ್ಲ, ‘ಎಚ್ಚರವಾಗಿದ್ದೇನೆ’ ಎಂದಷ್ಟೆ. ಹಿರಿಯರಿಗೆ ಹೇಳುವ ಹೂಂನಲ್ಲಿ ಮರ್ಯಾದೆ ಇದೆ, ಸಾಲ ಕೇಳಲು ಬಂದವನಿಗೆ ಹೇಳುವ ಹೂಂನಲ್ಲಿ ಬೇಗ ಹೋಗು ಎಂಬುದಿದೆ. ಮುಂದೆ ಒಂದು ‘ಊ’ ಸೇರಿಸಿದರೆ ಅದೇ ಹೂಂ ‘ಊಹೂಂ’ ಆಗಿ ತಲೆಕೆಳಗಾಗುತ್ತದೆ. ಇನ್ನು ‘ಏನೂ ಇಲ್ಲ ತಾನೇ?’ ಎಂಬ ಪ್ರಶ್ನೆಗೆ ಹೂಂ ಎಂದರೆ, ಇದೆ ಎಂದೋ ಇಲ್ಲ ಎಂದೋ ಯಾವ ಪಂಡಿತರು ತೀರ್ಪು ಕೊಟ್ಟಾರು? ನನ್ನ ಮದುವೆಯೂ ಒಂದು ಹೂಂನ ಮೇಲೆಯೇ ನಿಂತಿದೆ. ಹೆಣ್ಣು ನೋಡಲು ಹೋದಾಗ, ಗಿರಿಜಾಳ ದೊಡ್ಡಪ್ಪ “ಹುಡುಗ ಅಡ್ಡಿಯಿಲ್ಲ ಅಲ್ಲೇನವಾ?” ಎಂದು ಕೇಳಿದ್ದರು. ಒಳಕೋಣೆಯಿಂದ ಹೂಂ ಬಂದಿತ್ತು. ಎಲ್ಲರೂ ಸಕ್ಕರೆ ಹಂಚಿದರು. ಅದು ಯಾವ ಜಾತಿಯ ಹೂಂ ಎಂದು ಯಾರೂ ಬಿಡಿಸಿ ಕೇಳಲಿಲ್ಲ. ನಾನಂತೂ ಇವತ್ತಿಗೂ ಕೇಳುವ ಧೈರ್ಯ ಮಾಡಿಲ್ಲ.

ಅಂಥ ಗಿರಿಜಾ, ಸೆರಗು ಸರಿ ಮಾಡಿಕೊಂಡು ತನ್ನ ಹೆಸರನ್ನು ತಾನೇ ಹೇಳಿದಳು. ಏನು ಸ್ಕ್ಯಾನ್, ಯಾವ ಭಾಗಕ್ಕೆ ಎಂದು ಕೇಳಿದ್ದಕ್ಕೆ ಬಲಗೈಯಿಂದ ಬಲಪಕ್ಕೆ ಮುಟ್ಟಿ ತೋರಿಸಿದಳು. ಕಾವ್ಯಾ ಮುಂದಿನ ಪ್ರಶ್ನೆಗೆ ಬಂದಳು.

“ಅಮ್ಮ, ಈ ಮುಂಚೆ ಯಾವತ್ತಾದ್ರೂ ಕೈಗೆ ಸೂಜಿ ಹಾಕಿ, ಔಷಧಿ ಬಿಟ್ಟು, ಫೋಟೋ ತೆಗ್ದಿದ್ರಾ?”

“ಹೂಂ.”

“ಹೂಂ ಅಂದ್ರೆ ಆಗಲ್ಲಮ್ಮ. ಯಾವಾಗ? ಆಗ ಏನಾಯ್ತು? ನೀವೇ ಹೇಳಿ.”

ಕಾವ್ಯಾಳಿಗೆ ಬೇರೆ ಕೆಲಸವಿತ್ತು, ಆದರೂ ಪೆನ್ನು ಹಿಡಿದು ಕಾದಳು. ಆಮೇಲೆ ಗಿರಿಜಾ ಹೇಳತೊಡಗಿದಳು: “ಮಗಳು ಹುಟ್ಟಿದ ವರ್ಷ ತವರಮನ್ಯಾಗ ಇದ್ದೆ. ಕಿಡ್ನ್ಯಾಗ ಕಲ್ಲಾಗಿ ಹಳ್ಳಿನ ಬ್ಯಾನಿ ಬಂತಂತ ಹುಬ್ಬಳ್ಳಿಗೆ ಕರಕೊಂಡು ಹೋಗಿದ್ರು. ಹಿಂಗ ಸೂಜಿ ಚುಚ್ಚಿ ಔಷಧ ಬಿಟ್ರು. ಮೈಯೆಲ್ಲಾ ಬಿಸಿ ಆತು. ಆಮ್ಯಾಲೆ ಗಂಟಲ ಬಿಗದ ಬಂತು, ಉಸರ ತಗೊಳ್ಳಾಕ ಆಗಲಿಲ್ಲ. ಕಣ್ಣಿಗೆ ಕತ್ತಲಿ ಬಂತು. ಎಚ್ಚರಾದಾಗ ಮೂಗಿಗೆ ನಳಗಿ ಹಾಕಿದ್ರು, ನಮ್ಮವ್ವ ಬಾಜೂಕ ಕುಂತು ಅಳಾಕತ್ತಿದ್ಲು.”

ಕಾವ್ಯಾ ಬರೆಯುವುದನ್ನು ನಿಲ್ಲಿಸಿ, “ಅಮ್ಮ, ಇಲ್ಲೇ ಕೂತಿರಿ, ಒಳಗೆ ಬರೋದ್ ಬೇಡ” ಎಂದು ಓಡುನಡಿಗೆಯಲ್ಲಿ ಹೋದಳು. ನಾನು ಹೆಂಡತಿಯ ಕಡೆ ತಿರುಗಿದೆ.

“ಇಷ್ಟೆಲ್ಲಾ ಆಗಿದ್ದು ನನಗ ಹೇಳೇ ಇಲ್ಲಲ್ಲ?”

“ನೀವು ಫೋನಿನ್ಯಾಗ ‘ಈಗ ಆರಾಮ ಅದೀಯಲ್ಲ?’ ಅಂತ ಕೇಳಿದ್ರಿ. ಹೂಂ ಅಂದೆ. ಆವಾಗ ಆರಾಮ ಆಗಿತ್ತಲ್ರೀ.”

ಅವಳ ಮಾತಿನಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು ಎನಿಸಿತು. ಜೇಬಿನಲ್ಲಿದ್ದ ಚೀಟಿಯನ್ನು ತೆಗೆದು ನೋಡಿದೆ. ಅಲರ್ಜಿ ಇಲ್ಲ ಎಂದು ಅಚ್ಚುಕಟ್ಟಾಗಿ ಬರೆದಿತ್ತು. ಅದನ್ನು ನಂಬುವವರ ಕೈಗೆ ನಾನೇ ಅವಳನ್ನು ಒಪ್ಪಿಸಲು ಬಂದಿದ್ದೆ, ಅದೂ ಚೀಟಿ ಓದಿದರೆ ಮುಗಿಯಿತು ಎಂದು ವಾದ ಮಾಡಿಕೊಂಡು.

ಸೆಂಟರಿನ ಡಾಕ್ಟರಮ್ಮ ತಾವೇ ಹೊರಗೆ ಬಂದು ನಮ್ಮ ಪಕ್ಕದ ಕುರ್ಚಿಯಲ್ಲಿ ಕೂತರು. ನಡುವಯಸ್ಸು ದಾಟಿದವರು, ದನಿ ಎತ್ತರಿಸದೆ ಮಾತಾಡುವವರು. ಗಿರಿಜಾಳಿಂದ ಇನ್ನೊಮ್ಮೆ ಎಲ್ಲ ಕೇಳಿಸಿಕೊಂಡು, ಆಗ ಕೊಟ್ಟದ್ದೂ ಈಗ ಕೊಡಬೇಕಾಗಿದ್ದದ್ದೂ ಹೆಚ್ಚುಕಡಿಮೆ ಒಂದೇ ಬಗೆಯ ಔಷಧಿ ಎಂದು ವಿವರಿಸಿದರು. ಮತ್ತೆ ಕೊಟ್ಟಿದ್ದರೆ ಜೀವಕ್ಕೇ ಅಪಾಯ ಆಗಬಹುದಿತ್ತು ಎಂದೂ ಮುಚ್ಚಿಡದೆ ಹೇಳಿದರು. ಡೈ ಇಲ್ಲದೆ ಇಲ್ಲೇ ಇರುವ ಎಂ.ಆರ್.ಐ. ಯಂತ್ರದಲ್ಲಿ ನೋಡಬಹುದು, ನಿಮ್ಮ ಡಾಕ್ಟರ ಹತ್ತಿರ ನಾನೇ ಮಾತಾಡುತ್ತೇನೆ ಎಂದರು. “ಅಲರ್ಜಿ ಅಂತ ಯಾಕಮ್ಮ ಹೇಳಲಿಲ್ಲ?” ಎಂದು ಕೇಳಿದಾಗ ಗಿರಿಜಾ ಬೆರಗಿನಿಂದ, “ಅಲರ್ಜಿ ಅಂದ್ರ ಬದನಿಕಾಯಿ ತಿಂದ್ರ ಮೈ ತುರಸ್ತೈತಲ್ರೀ, ಅದು. ನನಗ ಅದಿಲ್ಲರೀ” ಎಂದಳು. ಡಾಕ್ಟರಮ್ಮ ನಗಲಿಲ್ಲ. ಕಾವ್ಯಾಳನ್ನು ಕರೆದು, “ಬದನೆಕಾಯಿ ವಿಷ್ಯ ಬರ್ಕೋ. ಬೇರೆಯವ್ರನ್ನ ಕೇಳೋವಾಗ ಬೇಕಾಗುತ್ತೆ” ಎಂದರು.

ನಮ್ಮ ಡಾಕ್ಟರು ಫೋನಿನಲ್ಲೇ ಒಪ್ಪಿದರು, ಎಂ.ಆರ್.ಐ. ಯಂತ್ರ ಖಾಲಿಯಾಗುವವರೆಗೆ ಕಾಯಬೇಕಿತ್ತು. ನನ್ನ ಹಳೆಯ ವೃತ್ತಿ ಸುಮ್ಮನಿರಲಿಲ್ಲ. ಚೌಕಟ್ಟಿನ ಕಡೆ ಕೈ ತೋರಿಸಿ, “ಯಾರೂ ಕಡ್ಡಾಯ ಮಾಡಿಲ್ಲ ಅಂದಮೇಲೆ ಇದೆಲ್ಲ ಯಾಕೆ ಮೇಡಮ್?” ಎಂದು ಕೇಳಿದೆ. ಅವರು ಒಂದು ಕಥೆ ಹೇಳಿದರು. ಹಿಂದೊಮ್ಮೆ ಹೊರಗೆ ನಿಂತು “ಜಯಮ್ಮ ಅಂದ್ರೆ ನೀವೇನಾ?” ಎಂದು ಕೇಳಿದ್ದಕ್ಕೆ, ಮುಂದಿನ ಸಾಲಿನಲ್ಲಿದ್ದ ಕಿವಿ ಮಂದವಾದ ಅಜ್ಜಿಯೊಬ್ಬರು ಹೂಂ ಎಂದು ಎದ್ದು ಬಂದರು. ಅವರು ಜಯಮ್ಮ ಅಲ್ಲ. ಸೊಂಟ ನೋವಿಗೆ ಬಂದವರಿಗೆ ಎದೆಯ ಸ್ಕ್ಯಾನ್ ಆಗಿಹೋಯಿತು. ಬೇಡದ ವಿಕಿರಣ ಮೈಗೆ ಬಿತ್ತು.

“ತಪ್ಪಾಯ್ತು ಅಂತ ಹೇಳಿ ಕ್ಷಮೆ ಕೇಳ್ದೆ ಸಾರ್. ಅಜ್ಜಿ ನನ್ನ ಕೈ ಹಿಡ್ಕೊಂಡು, ಇರ್ಲಿ ಬಿಡವ್ವ, ನಿಂಗ್ ಒಳ್ಳೇದಾಗ್ಲಿ ಅಂತ ಹರಸಿ ಹೋದ್ರು. ಯಾರೂ ಬೈಲಿಲ್ಲ. ಯಾರೂ ಏನೂ ಕೇಳ್ಲಿಲ್ಲ. ನನಗೆ ಹೆದರಿಕೆ ಆಗಿದ್ದೇ ಅದಕ್ಕೆ.”

ಹಾಗಾಗಿ, ಕೇಳುವವರನ್ನು, ಅಂದರೆ ಮಾನ್ಯತೆ ಕೊಡುವ ಸಂಸ್ಥೆಯ ತಪಾಸಣೆಯವರನ್ನು, ಅವರೇ ಕರೆಸಿದರಂತೆ. ಬಂದವರು ವಿಕಿರಣ ತಡೆಯಲು ತೊಡುವ ಸೀಸದ ಅಂಗಿಗಳಲ್ಲಿ ಬಿರುಕಿದೆಯೇ ಎಂದು ಪರೀಕ್ಷಿಸಿದರು, ಯಂತ್ರದಿಂದ ಎಷ್ಟು ವಿಕಿರಣ ಬರುತ್ತದೆಂದು ಅಳೆದರು, ತುರ್ತು ಔಷಧಿಗಳ ಗಾಡಿ ತೆರೆಸಿ ನೋಡಿದರು. ಎಲ್ಲಕ್ಕಿಂತ ಹೆಚ್ಚಾಗಿ, ಒಂದು ಕುರ್ಚಿ ಹಾಕಿಕೊಂಡು ಕೂತು ರೋಗಿಗಳನ್ನು ಹೇಗೆ ಕರೆಯುತ್ತಾರೆ, ಏನು ಕೇಳುತ್ತಾರೆ ಎಂದು ಗಮನಿಸಿದರು. “ಮೊದಲ್ನೇ ಸಲ ನಮ್ಮನ್ನ ಫೇಲ್ ಮಾಡಿದ್ರು” ಎಂದು ಡಾಕ್ಟರಮ್ಮ ಹೇಳುವಾಗ ಅವರ ಮುಖದಲ್ಲಿ ಸಂಕೋಚ ಕಾಣಲಿಲ್ಲ. ಹೆಸರನ್ನು ರೋಗಿಯ ಬಾಯಿಂದಲೇ ಹೇಳಿಸಬೇಕೆಂಬುದು ಬಂದವರ ನಿಯಮ. ಹೂಂ ಎಂಬ ಉತ್ತರ ಬಂದರೆ ಬರೆದುಕೊಳ್ಳಬಾರದು ಎಂಬುದು ಡಾಕ್ಟರಮ್ಮ ಅದಕ್ಕೆ ಸೇರಿಸಿದ ಬಾಲ.

ನಾನು ಹನುಮಂತಪ್ಪನ ಹೂಂ ನೆನೆಸಿಕೊಂಡೆ. ನಮ್ಮ ಕಾರ್ಖಾನೆಯೂ ಕಡ್ಡಾಯವಿಲ್ಲದೆಯೇ ಪತ್ರ ಪಡೆದಿತ್ತು. ಆದರೆ ನಮಗೆ ಬೇಕಾಗಿದ್ದದ್ದು ಪತ್ರ, ಈ ಡಾಕ್ಟರಮ್ಮನಿಗೆ ಬೇಕಾಗಿದ್ದದ್ದು ಪ್ರಶ್ನೆ. ಸ್ವಇಚ್ಛೆ ಎಂಬ ಪದವನ್ನು ಅಷ್ಟು ಸಲೀಸಾಗಿ ಗೇಲಿ ಮಾಡಬಾರದಿತ್ತು. ಹೊರಡುವಾಗ ಇನ್ನೊಮ್ಮೆ ಆ ಚೌಕಟ್ಟಿನ ಮುಂದೆ ನಿಂತೆ. ಗಾಜಿನ ಮೇಲೆ ಸ್ವಲ್ಪ ಧೂಳಿತ್ತು. ಕರ್ಚೀಫಿನಿಂದ ಒರೆಸಿದೆ, ಗಿರಿಜಾ ಎಂದಿನಂತೆ ದೂರ ಸರಿದು ನಿಂತಳು.

ಎಂ.ಆರ್.ಐ. ವರದಿ ಬಂತು. ಗಂಟು ಒಳ್ಳೆಯದಲ್ಲ, ಆದರೆ ಕಿಡ್ನಿಯ ಆಚೆಗೆ ಹರಡಿಲ್ಲ, ತೆಗೆದುಹಾಕಬೇಕು ಎಂದರು. ಹೆಬ್ಬಾಳದ ಆಸ್ಪತ್ರೆಯೊಂದರಲ್ಲಿ ಸೇರಿಸಿದೆವು. ಕಿಟಕಿಯಿಂದ ಮೇಲ್ಸೇತುವೆಯ ಮೇಲೆ ನಿಂತ ವಾಹನಗಳು ಕಾಣುತ್ತಿದ್ದವು. ಆಪರೇಷನ್ನಿನ ಹಿಂದಿನ ಸಂಜೆ ಸರ್ಜನ್ ಬಂದರು. ಒಳ್ಳೆಯವರೇ, ಆದರೆ ಅವಸರದಲ್ಲಿದ್ದರು. ಬಾಗಿಲಲ್ಲೇ ನಿಂತು, “ಏನಮ್ಮ, ಎಲ್ಲಾ ಹೇಳಿದ್ದಾರಲ್ವಾ? ಒಪ್ಪಿಗೆ ತಾನೇ?” ಎಂದರು.

ಪ್ರಶ್ನೆಯ ರೂಪ ಕೇಳಿದ ಕೂಡಲೇ ನನಗೆ ಉತ್ತರವೂ ಕೇಳಿಸಿಬಿಟ್ಟಿತ್ತು. ಆದರೆ ಗಿರಿಜಾ ದಿಂಬಿಗೆ ಕೈಯೂರಿ ಎದ್ದು ಕೂತಳು, ಸೆರಗಿಲ್ಲದ ಆಸ್ಪತ್ರೆಯ ಅಂಗಿಯ ಮೇಲೆ ಹೊದಿಕೆಯನ್ನು ಸೆರಗಿನಂತೆ ಎಳೆದುಕೊಂಡಳು.

“ನನ್ನ ಹೆಸರು ಗಿರಿಜಾ ರೀ. ಬಲಗಡಿ ಕಿಡ್ನ್ಯಾಗ ಗಂಟ ಐತಿ. ಎಡಗಡಿ ಅಲ್ಲ, ಬಲಗಡಿ. ಸೂಜಿಯೊಳಗ ಬಿಡೋ ಫೋಟೋದ ಔಷಧ ನನಗ ಆಗಿಬರೂದಿಲ್ಲ, ಗಂಟಲ ಬಿಗೀತೈತಿ. ಪೂರ್ತಿ ಕಿಡ್ನಿನೇ ತಗೀಬೇಕಾತಂದ್ರ ತಗೀರಿ. ನನಗ ಹೆದರಿಕಿ ಐತಿ, ಆದ್ರ ಒಪ್ಪಿಗಿನೂ ಐತಿ.”

ಸರ್ಜನ್ ಬಾಗಿಲು ಬಿಟ್ಟು ಒಳಗೆ ಬಂದರು. ಮಂಚದ ಪಕ್ಕ ನಿಂತು, ಅವಳು ಹೇಳಿದ್ದನ್ನು ಒಂದೊಂದಾಗಿ ತಾವೂ ಹೇಳಿ, ಹೌದೆಂದರು. ಆಮೇಲೆ ಗೋಡೆಗೆ ಒರಗಿ ನಿಂತಿದ್ದ ನನ್ನ ಕಡೆ ತಿರುಗಿ ಕೇಳಿದರು: “ಏನ್ ಸಾರ್, ನೀವು ಧೈರ್ಯವಾಗಿದ್ದೀರಿ ತಾನೇ?”

“ಹೂಂ” ಎಂದೆ.

ಗಿರಿಜಾ ನನ್ನ ಮುಖ ನೋಡಿದಳು. ಮಂಚದ ಮೇಲೆ ಪಕ್ಕಕ್ಕೆ ಸರಿದು ನನಗೆ ಕೂರಲು ಜಾಗ ಮಾಡಿದಳು.