ಶಾಂತವ್ವನಿಗೆ ನಾನು ಹೇಳಿದ ಕಾಯ್ದೆ

ಶಾಂತವ್ವನಿಗೆ ನಾನು ಸುಳ್ಳು ಹೇಳಿದೆ. ತಿಳಿಯದೆ ಹೇಳಿದ್ದಲ್ಲ — ತಿಳಿದೇ ಹೇಳಿದೆ.

ಅವಳು ನನ್ನ ಗಂಡನ ತಂಗಿ. ನನ್ನ ತಮ್ಮನ ಹೆಂಡತಿಯೂ ಹೌದು. ನಮ್ಮದು ಸಾಟಿ ಲಗ್ನ. ಕೊಣ್ಣೂರಿನಿಂದ ನನ್ನನ್ನು ಅಬ್ಬಿಗೇರಿಗೆ ತಂದರು, ಬದಲಿಗೆ ಅವಳನ್ನು ನನ್ನ ತಮ್ಮನಿಗೆ ಕೊಟ್ಟರು — ಒಂದೇ ಹಂದರದಲ್ಲಿ. ಸಾಟಿಯಲ್ಲಿ ಒಂದು ಕಡೆಯ ಹೆಣ್ಣು ಮುರಿದುಕೊಂಡು ಬಂದರೆ ಇನ್ನೊಂದು ಕಡೆಯವಳನ್ನೂ ತವರಿಗೆ ಅಟ್ಟುತ್ತಾರೆ. ಇದನ್ನು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ನನ್ನ ತಮ್ಮ ಅವಳನ್ನು ಹೊಡೆಯುತ್ತಿದ್ದ. ಒಂದು ಸಂಜೆ ಮೂರು ವರ್ಷದ ಮಗಳು ರೇಣುಕಾಳನ್ನು ಎತ್ತಿಕೊಂಡು ಬಂದು ನನ್ನ ಅಡುಗೆಮನೆಯಲ್ಲಿ ಕೂತಳು. ಎಡಗಿವಿಯ ಸುತ್ತ ಬಾತುಕೊಂಡಿತ್ತು. ನಾನು ಅಂಗನವಾಡಿ ಶಿಕ್ಷಕಿ, ರೋಣದಲ್ಲಿ ನಡೆದ ಕಾನೂನು ಶಿಬಿರಕ್ಕೆ ಹೋಗಿ ಬಂದವಳು. ನಮ್ಮ ಓಣಿಯ ಹೆಂಗಸರಿಗೆ ನನ್ನ ಮಾತೇ ಕಾಯ್ದೆ. ಅದಕ್ಕೇ ನನ್ನನ್ನು ಕೇಳಿದಳು.

“ವೈನಿ, ಕೋರ್ಟಿಗೆ ಹೋಗಿ ಬಿಡುಗಡಿ ತಗೊಂಡ್ರ ಕೂಸು ನನಗ ಕೊಡತಾರೇನ? ಕೂಸು ಸಿಗತೈತಿ ಅಂದ್ರ ನಾಳೇನ ಹೋಗತೀನಿ.”

ಶಿಬಿರದಲ್ಲಿ ಹೇಳಿದ್ದೆಲ್ಲ ನೆನಪಿತ್ತು. ಐದು ವರ್ಷದೊಳಗಿನ ಕೂಸನ್ನು ಸಾಮಾನ್ಯವಾಗಿ ತಾಯಿಯ ಹತ್ತಿರವೇ ಬಿಡುತ್ತಾರೆ, ಗಂಡನಿಂದ ಜೀವನಾಂಶ ಕೇಳಬಹುದು, ಹೆಣ್ಣುಮಕ್ಕಳಿಗೆ ವಕೀಲರನ್ನೂ ಪುಕ್ಕಟೆ ಕೊಡುತ್ತಾರೆ — ಎಲ್ಲ ಗೊತ್ತಿತ್ತು. ಆದರೆ ಆ ಹೊತ್ತಿನಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಅವಳ ಬಾತ ಮುಖವಲ್ಲ. ನನ್ನ ಟ್ರಂಕು, ನನ್ನ ಮಕ್ಕಳು, ತವರಿಗೆ ಹೋಗುವ ಬಸ್ಸು…

“ಕೂಸು ಅಪ್ಪಂದು, ಶಾಂತಾ. ಕಾಯ್ದೆ ಹಂಗ ಐತಿ. ಬಿಡುಗಡಿ ಬೇಕಂದ್ರ ಕೂಸಿನ ಆಸೆ ಬಿಡಬೇಕು,” ಅಂದೆ.

ಅವಳು ಕೂಸನ್ನು ಮಡಿಲಿಗೆ ಎಳೆದುಕೊಂಡಳು. ಮರುದಿನ ನಾನೇ ಅವಳನ್ನು ಕೊಣ್ಣೂರಿನ ಬಸ್ಸಿಗೆ ಹತ್ತಿಸಿದೆ. ಕಿಟಕಿ ಪಕ್ಕದ ಸೀಟು ಹಿಡಿದು ಕೊಟ್ಟೆ, ಕೂಸಿನ ಕೈಗೆ ಬಿಸ್ಕೀಟು ಕೊಟ್ಟೆ — ಥೂ, ನನ್ನ ಜನ್ಮಕ್ಕೆ.

ರೇಣುಕಾ ಈಗ ಕಾಲೇಜಿಗೆ ಹೋಗುತ್ತಾಳೆ. ಶಾಂತವ್ವನಿಗೆ ಎಡಗಿವಿ ಕೇಳಿಸುವುದಿಲ್ಲ. ನನ್ನ ಸಂಸಾರ ಚೆನ್ನಾಗಿದೆ.

ಕಳೆದ ವಾರ ಬಂದಿದ್ದಳು. ಇಬ್ಬರೂ ರೊಟ್ಟಿ ಬಡಿಯುತ್ತಿದ್ದಾಗ ಮಾತಿಗೆ ಮಾತು ಬಂತು.

“ನೀ ಅವತ್ತ ಖರೇ ಹೇಳದಿದ್ರ ನಾ ಕೂಸು ಕಳಕೋತಿದ್ದೆ ವೈನಿ. ನಿನ್ನ ಉಪಕಾರ ಮರಿಯಂಗಿಲ್ಲ. ಮೊನ್ನೆ ನಮ್ಮ ಬಾಜೂ ಮನಿ ಸೊಸಿ ಗಂಡನ ಕಾಟಕ್ಕ ಬ್ಯಾಸತ್ತು ಕೋರ್ಟಿಗೆ ಹೊಂಟಿದ್ಲು. ಆಕಿಗೂ ಹೇಳಿದೆ, ನಮ್ಮ ವೈನಿ ಓದಿದಾಕಿ, ಕೂಸು ಅಪ್ಪಂದು ಅಂತ ಕಾಯ್ದೆದಾಗ ಐತಂತ. ಪಾಪ, ಕೂಸಿನ ಸಲುವಾಗಿ ಬಾಯಿ ಮುಚ್ಚಿಗೊಂಡ ಕುಂತಾಳ.”

ಹಂಚಿನ ಮೇಲಿನ ರೊಟ್ಟಿ ಸೀದಿತು. ಆಗಲಾದರೂ ಹೇಳಬೇಕಿತ್ತು — ಹೇಳಲಿಲ್ಲ. “ಚಹಾ ಮಾಡ್ಲೇನ?” ಅಂದೆ. ಆ ನಾಚಿಕೆ ಮೊದಲಿನದಕ್ಕಿಂತ ದೊಡ್ಡದು.

ಮಾತು ಆಡಿದರೆ ಹೋಯಿತು ಎನ್ನುತ್ತಾರೆ. ಎಲ್ಲಿ ಹೋಗುತ್ತದೆ? ನನ್ನದು ಕೊಣ್ಣೂರಿನಲ್ಲಿ ಮನೆಮನೆ ತಿರುಗುತ್ತಿದೆ.

ನಾಳೆ ಹೋಗುತ್ತೇನೆ. ಮೊದಲು ಆ ಸೊಸೆಯ ಹತ್ತಿರ; ಅವಳ ಕೂಸು ಇನ್ನೂ ಚಿಕ್ಕದಂತೆ. ಆಮೇಲೆ ಶಾಂತವ್ವನ ಹತ್ತಿರ. ಅವಳು ನನ್ನನ್ನು ಹೊರಗೆ ಹಾಕಿದರೂ ಸರಿ, ನನ್ನ ಗಂಡನಿಗೆ ಹೇಳಿದರೂ ಸರಿ. ಅವಳ ಬಲಗಡೆಗೇ ಕೂತು ಹೇಳಬೇಕು. ಎರಡನೇ ಸಲ ಹೇಳುವ ಧೈರ್ಯ ನನಗಿಲ್ಲ.