ಗುಬ್ಬಿಗೆ ಯಾರೂ ಬೈಯಲಿಲ್ಲ

ಮಕ್ಕಳ ನಡುವಿನ ಕಾಟಕ್ಕೆ ಕಥೆಗಿಂತ ಒಳ್ಳೆಯ ಔಷಧಿ ಇಲ್ಲ ಎಂದು ನಾನು ಊರೆಲ್ಲ ಹೇಳಿಕೊಂಡು ತಿರುಗಿದವಳು. ಊರೆಲ್ಲ ಎಂದರೆ ಹಡಪಸರದ ನಮ್ಮ ಸೊಸೈಟಿ, ಅದರ ವಾಟ್ಸಾಪ್ ಗುಂಪು, ಮತ್ತು ಲಿಫ್ಟಿನಲ್ಲಿ ತಪ್ಪಿಸಿಕೊಳ್ಳಲಾಗದೆ ನನ್ನ ಕೈಗೆ ಸಿಗುವ ತಾಯಂದಿರು. ಶನಿವಾರ ಸಂಜೆ ಕ್ಲಬ್‌ಹೌಸಿನಲ್ಲಿ ಜಮಖಾನೆ ಹಾಸಿ ಮಕ್ಕಳಿಗೆ ಕಥೆ ಹೇಳುವ ಕೆಲಸವನ್ನು ಯಾರೂ ನನಗೆ ವಹಿಸಿರಲಿಲ್ಲ. ನಾನೇ ಮೈಮೇಲೆ ಎಳೆದುಕೊಂಡಿದ್ದೆ. ಅಜ್ಜಿಯರ ಕಾಲದ ಕಥೆಗಳನ್ನೇ ಸ್ವಲ್ಪ ತಿರುಚಿ ಹೇಳುತ್ತಿದ್ದೆ. ಒಬ್ಬ ಹುಡುಗನನ್ನು ದಪ್ಪಗಿದ್ದಾನೆಂದು ಉಳಿದವರು ಆಡಿಕೊಂಡರೆ, ಆ ವಾರದ ಕಥೆಯಲ್ಲಿ ರಾಜಕುಮಾರನನ್ನು ಹೊಳೆ ದಾಟಿಸುವುದು ಒಂದು ದಢೂತಿ ಆಮೆಯೇ ಆಗಿರುತ್ತಿತ್ತು. ಮರಾಠಿಯಲ್ಲಿ ಹೇಳಿ, ನಡುನಡುವೆ ಹಿಂದಿ ಸೇರಿಸಿ, ಎದುರಿಗೆ ಕನ್ನಡದ ಮಕ್ಕಳು ಕೂತಿದ್ದರೆ ಕನ್ನಡಕ್ಕೂ ಬರುತ್ತಿದ್ದೆ. ಆ ಮಕ್ಕಳಿಗೆಲ್ಲ ನಾನು ಕಾಕು, ಅಂದರೆ ಚಿಕ್ಕಮ್ಮ.

ಇದಕ್ಕೆ ನನ್ನ ನೌಕರಿಯೂ ಕಾರಣ. ಖರಾಡಿಯ ಆಫೀಸೊಂದರಲ್ಲಿ ನನ್ನದು ಎಚ್‌ಆರ್ ಕೆಲಸ. ಯಾರು ಯಾರಿಗೆ ಕಾಟ ಕೊಡುತ್ತಿದ್ದಾರೆಂದು ಇಡೀ ಮಹಡಿಗೆ ಗೊತ್ತಿದ್ದರೂ ಅಲ್ಲಿ ನಾವು ಹೆಸರು ಎತ್ತುವಂತಿಲ್ಲ. ‘ಕೆಲವರಿಂದ ಹೀಗಾಗುತ್ತಿದೆ, ಎಲ್ಲರೂ ಗಮನಿಸಬೇಕು’ ಎನ್ನಬೇಕು. ಆ ‘ಕೆಲವರು’ ಎದುರಿಗೇ ಕೂತು, ಚಹಾ ಕುಡಿಯುತ್ತ, ಹೌದು ಹೌದು ಎಂದು ತಲೆಯಾಡಿಸುತ್ತಿರುತ್ತಾರೆ. ಯಾರ ಮನಸ್ಸಿಗೂ ನೋವಾಗದ ಹಾಗೆ ವಿಷಯ ಮುಟ್ಟಿಸುವುದರಲ್ಲಿ ನಾನು ಎತ್ತಿದ ಕೈ ಎಂದು ನನ್ನ ಮೇಲಿನವರು ಹೊಗಳಿದ್ದರು. ಹೊಗಳಿದರೆ ಹಿಗ್ಗುವ ಸ್ವಭಾವ ನನ್ನದು, ಹಾಗಾಗಿ ಆ ವಿದ್ಯೆಯನ್ನೇ ಮನೆಗೂ ತಂದೆ.

ಕಳೆದ ವರ್ಷ ಶಾಲೆ ಶುರುವಾಗುವ ಹೊತ್ತಿಗೆ ನಮ್ಮ ವಿಂಗಿಗೆ ಬಾಗಲಕೋಟೆ ಕಡೆಯ ಒಂದು ಕುಟುಂಬ ಬಂತು. ಅಪ್ಪನಿಗೆ ಚಾಕಣದ ಕಾರಖಾನೆಯಲ್ಲಿ ಕೆಲಸ, ಬೆಳಕು ಹರಿಯುವ ಮೊದಲೇ ಕಂಪನಿ ಬಸ್ಸು ಹತ್ತುತ್ತಿದ್ದ. ತಾಯಿ ಮನೆಯಲ್ಲಿ. ಒಬ್ಬಳೇ ಮಗಳು, ಶಾಲೆಯಲ್ಲಿ ನನ್ನ ಮಗಳಿಗಿಂತ ಒಂದು ಇಯತ್ತೆ ಕೆಳಗೆ. ಎರಡು ಜಡೆ, ಎಣ್ಣೆ ಹಚ್ಚಿದ ತಲೆ, ಗಟ್ಟಿ ದನಿ. ಮರಾಠಿ ಒಂದಕ್ಷರ ಬರುತ್ತಿರಲಿಲ್ಲ. ಮೊದಲ ಸಂಜೆ ಅವಳು ಆಟದ ಜಾಗದ ಆ ತುದಿಯಿಂದಲೇ ನನ್ನ ಮಗಳಿಗೆ, “ಏ ಅಕ್ಕಾ, ನಾನೂ ಬರ್ಲೇನ ಆಡಾಕ?” ಎಂದು ಕೂಗಿದ್ದಳು. ಉಳಿದ ಮಕ್ಕಳು ನಕ್ಕರು. ನನ್ನ ಮಗಳು ಮರಾಠಿಯಲ್ಲಿ ಏನೋ ಉತ್ತರ ಕೊಟ್ಟು ಮುಖ ತಿರುಗಿಸಿದಳು. ನನ್ನ ಮಗಳು ಮನೆಯಲ್ಲಿ ನನಗೆ ಅವ್ವ ಎನ್ನುತ್ತಾಳೆ, ಕೆಳಗಿಳಿದರೆ ಆಯಿ ಎನ್ನುತ್ತಾಳೆ. ಕೆಳಗೆ ಹೋದಾಗ ಮರಾಠಿಯಲ್ಲೇ ಮಾತಾಡು, ಇಲ್ಲದಿದ್ದರೆ ನಿನ್ನನ್ನು ಯಾರೂ ಸೇರಿಸಿಕೊಳ್ಳುವುದಿಲ್ಲ ಎಂದು ಅವಳಿಗೆ ಚಿಕ್ಕಂದಿನಲ್ಲಿ ಪಾಠ ಹೇಳಿದವಳು ನಾನೇ.

ಇಲ್ಲಿನ ಮಕ್ಕಳಲ್ಲಿ ಒಂದು ಪದ್ಧತಿ ಇದೆ. ಆಟದಲ್ಲಿ ತೀರ ಸಣ್ಣ ಮಗುವೊಂದು ಸೇರಿಕೊಂಡರೆ ಅದನ್ನು ‘ಕಚ್ಚಾ ಲಿಂಬು’ ಮಾಡುತ್ತಾರೆ. ಮಗು ಎಲ್ಲರ ಜೊತೆ ಓಡಬಹುದು, ಕಿರುಚಬಹುದು, ಆದರೆ ಅದನ್ನು ಯಾರೂ ಔಟ್ ಮಾಡುವುದಿಲ್ಲ, ಹಿಡಿಯುವ ಸರದಿಯೂ ಅದಕ್ಕೆ ಬರುವುದಿಲ್ಲ. ಅಣ್ಣ ಅಕ್ಕಂದಿರ ಬಾಲ ಹಿಡಿದು ಬಂದ ಪುಟ್ಟ ಮಕ್ಕಳು ಅಳದಿರಲಿ ಎಂದು ಮಾಡಿಕೊಂಡ ಏರ್ಪಾಡು ಅದು. ನೋಡಲಿಕ್ಕೆ ಚೆಂದವೇ.

ಒಂದು ದಿನ ಲಿಫ್ಟಿನಲ್ಲಿ ಆ ಹುಡುಗಿಯ ತಾಯಿ ಸಿಕ್ಕಳು. ಕೊತ್ತಂಬರಿ ಸಿವುಡು ಹಿಡಿದು ಮುಖದ ತುಂಬ ನಗುತ್ತಿದ್ದಳು. ಈ ಊರಿಗೆ ಬಂದ ಮೇಲೆ ಮಗಳು ಬಹಳ ಚುರುಕಾಗಿದ್ದಾಳೆ ಎಂದು ಹೇಳಿಕೊಂಡಳು. “ಪಕಡಾಪಕಡಿ ಆಡೂಮುಂದ ಅಕಿ ಯಾರ ಕೈಗೂ ಸಿಗಂಗಿಲ್ಲಂತ್ರಿ ಅಕ್ಕಾರ. ಇಲ್ಲೀತನಕ ಒಮ್ಮೀನೂ ಔಟ್ ಆಗಿಲ್ಲಂತ. ಅವರಪ್ಪಗ ದಿನಾ ಹೇಳತಾಳ.”

ನನಗೆ ತಟ್ಟನೆ ಅರ್ಥವಾಯಿತು. ಅಷ್ಟು ದೊಡ್ಡ ಹುಡುಗಿಯನ್ನು ಕಚ್ಚಾ ಲಿಂಬು ಮಾಡಿದ್ದಾರೆ, ಅದು ಅವಳಿಗೇ ಗೊತ್ತಿಲ್ಲ. ಒಳ್ಳೆಯದು ರೀ ಎಂದಷ್ಟೇ ಹೇಳಿ ನನ್ನ ಮಹಡಿಯಲ್ಲಿ ಇಳಿದುಬಿಟ್ಟೆ.

ಆ ಸಂಜೆ ಬೇಗ ಮನೆಗೆ ಬಂದು ಬಾಲ್ಕನಿಯಲ್ಲಿ ನಿಂತೆ. ಹುಡುಗಿ ಜೀವ ಬಿಟ್ಟು ಓಡುತ್ತಿದ್ದಳು. ಹಿಡಿಯುವವರು ಅವಳ ಪಕ್ಕದಲ್ಲೇ ಹಾದು ಬೇರೆಯವರ ಹಿಂದೆ ಹೋಗುತ್ತಿದ್ದರು. ಅವಳು ಕಂಬದ ಹಿಂದೆ ಅಡಗುತ್ತಿದ್ದಳು, ಯಾರೂ ಹುಡುಕುತ್ತಿರಲಿಲ್ಲ. ಹೊಸದಾಗಿ ಬಂದ ಹುಡುಗನೊಬ್ಬ ಗೊತ್ತಿಲ್ಲದೆ ಅವಳ ಜಡೆ ಮುಟ್ಟಿದಾಗ, ನನ್ನ ಮಗಳು ದೂರದಿಂದಲೇ ಕೈ ಎತ್ತಿ ಹೆಬ್ಬೆರಳು ಅಲ್ಲಾಡಿಸಿ, ಅವಳು ಲೆಕ್ಕಕ್ಕಿಲ್ಲ ಎಂದು ಸನ್ನೆ ಮಾಡಿದಳು. ಉಳಿದವರು ಬಾಯಿ ಮುಚ್ಚಿಕೊಂಡು ನಕ್ಕರು. ಈ ಆಟದ ಯಜಮಾನಿ ನನ್ನ ಮಗಳು ಎಂಬುದು ಅಲ್ಲಿಂದಲೇ ಸ್ಪಷ್ಟವಾಗಿ ಕಂಡಿತು. ಅಷ್ಟರಲ್ಲಿ ಆ ಹುಡುಗಿ ತಲೆ ಎತ್ತಿ ನನ್ನನ್ನು ನೋಡಿದಳು. ಏದುಸಿರು ಬಿಡುತ್ತ, ನಗುತ್ತ, ಕೈ ಬೀಸಿದಳು. ನಾನೂ ಕೈ ಬೀಸಿದೆ.

ಮಗಳನ್ನು ಅಂದೇ ಕೂರಿಸಿಕೊಂಡು ಕೇಳಬೇಕಿತ್ತು. ಕೇಳಲಿಲ್ಲ. ಪರೀಕ್ಷೆ ಹತ್ತಿರ ಇದೆ, ಮುಗಿಯಲಿ ಎಂದುಕೊಂಡೆ. ಅವಳ ಮನಸ್ಸು ಸೂಕ್ಷ್ಮ ಎಂದುಕೊಂಡೆ. ನಿಜ ಹೇಳಬೇಕೆಂದರೆ ನನಗೆ ಭಯವಿತ್ತು. ಬೇರೆಯವರ ಮಕ್ಕಳಿಗೆ ಬುದ್ಧಿ ಹೇಳುವವಳ ಮಗಳೇ ಹೀಗೆ ಎಂದು ನನ್ನ ಬಾಯಿಂದ ನಾನೇ ಕೇಳಿಸಿಕೊಳ್ಳುವ ಭಯ. ಆದ್ದರಿಂದ ನನಗೆ ಗೊತ್ತಿದ್ದ ದಾರಿ ಹಿಡಿದೆ. ಶನಿವಾರಕ್ಕೆ ಒಂದು ಕಥೆ ತಯಾರಿಸಿದೆ.

ಕಾಗಕ್ಕ ಗುಬ್ಬಕ್ಕನ ಕಥೆಯನ್ನು ಇಲ್ಲಿ ಮರಾಠಿ ಮಕ್ಕಳೂ ಕೇಳಿಯೇ ಬೆಳೆಯುತ್ತಾರೆ, ನಮ್ಮ ಮಕ್ಕಳೂ ಕೇಳಿಯೇ ಬೆಳೆಯುತ್ತಾರೆ. ಕಾಗೆಯದು ಸಗಣಿಯ ಮನೆ, ಗುಬ್ಬಿಯದು ಮೇಣದ ಮನೆ. ದೊಡ್ಡ ಮಳೆ ಬಂದು ಕಾಗೆಯ ಮನೆ ಕೊಚ್ಚಿಹೋಗುತ್ತದೆ. ಕಾಗೆ ಗುಬ್ಬಿಯ ಬಾಗಿಲು ತಟ್ಟಿದರೆ ಗುಬ್ಬಿ, ತಡಿ, ಮಗುವಿಗೆ ಸ್ನಾನ ಮಾಡಿಸುತ್ತಿದ್ದೇನೆ ಎನ್ನುತ್ತದೆ. ಮತ್ತೆ ತಟ್ಟಿದರೆ ಮೈ ಒರೆಸುತ್ತಿದ್ದೇನೆ, ಮತ್ತೆ ತಟ್ಟಿದರೆ ಕಾಡಿಗೆ ಹಚ್ಚುತ್ತಿದ್ದೇನೆ. ಕೂಸಿಗೆ ಅನ್ನ ಉಣ್ಣಿಸುತ್ತ ನಾವೆಲ್ಲ ನಗುನಗುತ್ತ ಇದನ್ನು ಹೇಳುತ್ತೇವೆ. ಹೊರಗೆ ನಿಂತವಳು ಎಷ್ಟು ನೆನೆದಳು ಎಂದು ಯಾರೂ ಕೇಳುವುದಿಲ್ಲ.

ನನ್ನ ಕಥೆಯಲ್ಲಿ ಕಾಗೆ ಎರಡನೆಯ ಸಲ ಬಾಗಿಲು ತಟ್ಟುವುದಿಲ್ಲ. ಯಾರ ಬಾಗಿಲೂ ನನಗೆ ಬೇಡ ಎಂದು ತಿರುಗಿ ಹಾರಿಹೋಗುತ್ತದೆ. ಕಡ್ಡಿ ಕಡ್ಡಿ ಆರಿಸಿ ತಂದು, ಮಳೆಗೂ ಗಾಳಿಗೂ ಜಗ್ಗದ ಗೂಡು ಕಟ್ಟಿಕೊಂಡು ತಾನೊಂದೇ ಸುಖವಾಗಿ ಇರುತ್ತದೆ. ಗುಬ್ಬಿಯನ್ನೂ ನಾನು ಕೆಟ್ಟವಳನ್ನಾಗಿ ಮಾಡಲಿಲ್ಲ. ಪಾಪ, ಅವಳ ಮಗುವಿಗೆ ಅಂದು ಬಹಳ ನೆಗಡಿಯಾಗಿತ್ತು, ಬಾಗಿಲು ತೆರೆದರೆ ಥಂಡಿ ಹತ್ತುತ್ತಿತ್ತು ಎಂದೆ. ಯಾವ ಅಜ್ಜಿಯ ಕಥೆಯಲ್ಲೂ ಆ ನೆಗಡಿ ಇಲ್ಲ. ಅದನ್ನು ನನ್ನ ಮಗಳಿಗಾಗಿ ನಾನು ಸೇರಿಸಿದೆ.

ಕಥೆ ಮುಗಿದಾಗ ಮಕ್ಕಳು ಚಪ್ಪಾಳೆ ತಟ್ಟಿದರು. ಹಿಂದೆ ಗೋಡೆಗೆ ಒರಗಿ ನಿಂತಿದ್ದ ಕೆಲವು ತಾಯಂದಿರೂ ತಟ್ಟಿದರು. ಮುಂದಿನ ಸಾಲಿನಲ್ಲಿ ಕೂತಿದ್ದ ಆ ಹುಡುಗಿ ಮಾತ್ರ ತಟ್ಟಲಿಲ್ಲ. ಕೈ ಎತ್ತಿದಳು.

“ಕಾಕು, ಮತ್ತ ಗುಬ್ಬಿಗೆ ಯಾರೂ ಬೈಲಿಲ್ಲೇನ್ರಿ?”

ಅದಕ್ಕೆ ನಾನು, ಯಾರು ಬೈಯಬೇಕಿತ್ತು ಎಂದು ಕೇಳಿದೆ.

“ಅಕಿಗೂ ಒಬ್ಬಾಕಿ ಅವ್ವ ಇರತಾಳಲ್ರಿ.”

ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಮಗಳು ತನ್ನ ಹೇರ್‌ಬ್ಯಾಂಡ್ ತೆಗೆದು ಮತ್ತೆ ಹಾಕಿಕೊಳ್ಳುತ್ತಿದ್ದಳು. ನಾನು ನಗೆ ತಂದುಕೊಂಡು, “ಅವತ್ತ ಗುಬ್ಬಿ ಅವ್ವ ಮನ್ಯಾಗ ಇರ್ಲಿಲ್ಲವಾ” ಎಂದೆ. ಮಕ್ಕಳು ನಕ್ಕರು. ಜಮಖಾನೆ ಸುತ್ತಿಟ್ಟು ನಾವೆಲ್ಲ ಮನೆಗೆ ಹೋದೆವು.

ಮುಂದಿನ ವಾರ ಅವಳ ತಾಯಿ ಒಂದು ಸ್ಟೀಲ್ ಡಬ್ಬಿಯ ತುಂಬ ಶೇಂಗಾ ಚಟ್ನಿ ತಂದು ಕೊಟ್ಟಳು. ನಿಮ್ಮ ಕಥೆ ಕೇಳಿ ನಮ್ಮ ಹುಡುಗಿ ಶಾಣ್ಯಾ ಆದಳು ಎಂದಳು. ಆಟಕ್ಕೆ ಹೋಗು ಎಂದರೆ ಒಲ್ಲೆ ಎನ್ನುತ್ತಾಳಂತೆ, ನನಗೆ ಯಾರ ಬಾಗಿಲೂ ಬಡಿಯುವುದು ಬೇಡ ಎನ್ನುತ್ತಾಳಂತೆ, ತನ್ನ ಪಾಡಿಗೆ ತಾನು ಇರುತ್ತಾಳಂತೆ. ಮಗಳಿಗೆ ಧೈರ್ಯ ಬಂದಿದೆ ಎಂದು ಆ ತಾಯಿ ನಂಬಿದ್ದಳು. ನಿಮ್ಮಿಂದ ಭಾಳ ಉಪಕಾರ ಆತ್ರಿ ಎಂದು ನನ್ನ ಕೈ ಹಿಡಿದುಕೊಂಡಳು. ಡಬ್ಬಿ ಇಸಿದುಕೊಂಡೆ. ಏನು ಹೇಳಿದೆನೋ ನೆನಪಿಲ್ಲ, ನಿಜವನ್ನಂತೂ ಹೇಳಲಿಲ್ಲ. ಅಂದು ರಾತ್ರಿ ಊಟಕ್ಕೆ ಎಲ್ಲರೂ ಆ ಚಟ್ನಿಯನ್ನು ಚಪ್ಪರಿಸಿ ತಿಂದರು. ನಾನು ಮುಟ್ಟಲಿಲ್ಲ.

ಒಂದೆರಡು ದಿನ ಕಳೆದು ಆಫೀಸಿನಿಂದ ಬಂದು ಸ್ಕೂಟಿ ನಿಲ್ಲಿಸುವಾಗ ಪಾರ್ಕಿಂಗಿನ ಕಂಬದ ಹಿಂದೆ ಅವಳು ಕಂಡಳು. ನೆಲದ ಮೇಲೆ ಕೂತು ಕಸಬರಿಗೆಯ ಕಡ್ಡಿ, ಒಣಗಿದ ಟೊಂಗೆ, ಹಾಲಿನ ಪಾಕೀಟು ಜೋಡಿಸುತ್ತಿದ್ದಳು. ಆ ಕಡೆ ಆಟದ ಜಾಗದಿಂದ ಮಕ್ಕಳ ಕೂಗು ಕೇಳುತ್ತಿತ್ತು. ಏನು ಮಾಡಲಿಕತ್ತಿ ಎಂದು ಕೇಳಿದೆ.

“ಕಾಗಿ ಮನಿ ಕಟ್ಟಾಕತ್ತೇನ್ರಿ. ನಿಂದ್ರವಲ್ದು” ಎಂದಳು. ಬಿದ್ದ ಕಡ್ಡಿಗಳನ್ನು ಮತ್ತೆ ನಿಲ್ಲಿಸುತ್ತಿದ್ದಳು, ತಲೆ ಎತ್ತಿ ನೋಡಲಿಲ್ಲ.

ಹೆಲ್ಮೆಟ್ ತೆಗೆಯುವುದನ್ನೂ ಮರೆತು ಹಾಗೇ ನಿಂತಿದ್ದೆ. ಬಾಗಿಲು ಹಾಕಿಕೊಂಡವರು ಒಳಗೆ ಆರಾಮಾಗಿ ಆಡುತ್ತಿದ್ದರು, ಮನೆ ಕಟ್ಟಿಕೊಳ್ಳುವ ಕೆಲಸವನ್ನು ನಾನು ಹೊರಗೆ ನಿಂತವಳ ತಲೆಗೆ ಕಟ್ಟಿದ್ದೆ. ಅದಕ್ಕೆ ಚಪ್ಪಾಳೆಯನ್ನೂ ತೆಗೆದುಕೊಂಡಿದ್ದೆ, ಚಟ್ನಿಯನ್ನೂ ತೆಗೆದುಕೊಂಡಿದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಮೇಲೆ ಹೋಗಿ ಮಗಳನ್ನು ಕೂರಿಸಿಕೊಂಡೆ. ಕಾಗೆ ಗುಬ್ಬಿ ಯಾವುದನ್ನೂ ತರಲಿಲ್ಲ. ನೀನು ಮಾಡಿದ್ದು ಇದು, ಅದನ್ನು ನಾನು ನೋಡಿದ್ದೇನೆ ಎಂದೆ. ದನಿ ಏರಿತ್ತು. ಅವಳು ಮೊದಲು ವಾದ ಮಾಡಿದಳು. ಆ ಹುಡುಗಿಗೆ ಮರಾಠಿ ಬರುವುದಿಲ್ಲ, ಆಟದ ನಿಯಮ ಹೇಳಿಕೊಡುವುದು ಯಾರು, ಅವಳ ಜೊತೆ ಕನ್ನಡ ಮಾತಾಡಿದರೆ ಎಲ್ಲರೂ ತನ್ನನ್ನೂ ನಗುತ್ತಾರೆ ಎಂದಳು. ಆಮೇಲೆ ಅಳು ಬಂತು. ಅಳುತ್ತಲೇ ನನ್ನನ್ನು ನೇರವಾಗಿ ನೋಡಿ, “ನಿನಗ ಗೊತ್ತಿತ್ತಲ್ಲವಾ. ಬಾಲ್ಕನ್ಯಾಗ ನಿಂತಿದ್ದಿ. ನೀ ಏನೂ ಅನ್ಲಿಲ್ಲ. ಅದಕ್ಕ ನಡೀತದ ಅನ್ಕೊಂಡೆ” ಎಂದಳು.

ಅವಳು ಹೇಳಿದ್ದು ನಿಜ. ತನ್ನನ್ನು ಹೊರಗಿಟ್ಟುಬಿಡುತ್ತಾರೆಂಬ ಹೆದರಿಕೆಯನ್ನು ಮಗಳೊಳಗೆ ಬಿತ್ತಿದವಳು ನಾನು, ಅದು ಬೆಳೆದು ಇನ್ನೊಬ್ಬಳನ್ನು ಹೊರಗಿಟ್ಟಾಗ ಮೇಲೆ ನಿಂತು ನೋಡಿದವಳೂ ನಾನು.

ಮರುದಿನ ರಜೆ. ಚಟ್ನಿಯ ಡಬ್ಬಿ ತೊಳೆದು ಒರೆಸಿಟ್ಟಿದ್ದೆ. ಡಬ್ಬಿಯನ್ನು ಖಾಲಿ ಮರಳಿಸುವ ರೂಢಿ ನಮ್ಮಲ್ಲಿಲ್ಲ, ಬೇರೇನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಬೇಕು. ಬೆಳಿಗ್ಗೆ ಎದ್ದು ರವೆ ಉಂಡಿ ಕಟ್ಟಿದೆ, ಮಗಳು ಪಕ್ಕದಲ್ಲಿ ನಿಂತು ಒಂದೊಂದಕ್ಕೂ ಒಣದ್ರಾಕ್ಷಿ ಒತ್ತಿದಳು. ಆಮೇಲೆ ಡಬ್ಬಿ ಹಿಡಿದು ಅವರ ಮನೆಗೆ ಹೋದೆವು. ಮಗಳು ಕ್ಷಮೆ ಕೇಳಬೇಕು, ನಾನು ಆ ತಾಯಿಗೆ ಎಲ್ಲವನ್ನೂ ಹೇಳಬೇಕು ಎಂದು ಮಾತಾಗಿತ್ತು.

ಬೆಲ್ ಒತ್ತಿದೆ. ಒಳಬಾಗಿಲು ತೆರೆಯಿತು, ಹೊರಗಿನ ಜಾಳಿಗೆಯ ಬಾಗಿಲು ಮುಚ್ಚಿಯೇ ಇತ್ತು. ಅದರ ಹಿಂದೆ ಹುಡುಗಿ ನಿಂತಿದ್ದಳು. ಒಂದು ಜಡೆ ಹಾಕಿತ್ತು, ಇನ್ನೊಂದು ಬಿಚ್ಚಿಕೊಂಡಿತ್ತು.

“ಅವ್ವ ಜಳಕಾ ಮಾಡಾಕತ್ತಾಳ್ರಿ. ಅಕಿ ಬರೂತನಕ ಯಾರಿಗೂ ಬಾಗ್ಲಾ ತಗೀಬ್ಯಾಡ ಅಂದಾಳ” ಎಂದಳು.

ಅವಳು ಇದ್ದದ್ದನ್ನೇ ಹೇಳಿದ್ದಳು. ಒಳಗೆ ಬಚ್ಚಲಿನಲ್ಲಿ ನೀರು ಬೀಳುವುದು ನಮಗೂ ಕೇಳುತ್ತಿತ್ತು. ಮಗಳು ನನ್ನ ಕೈ ಗಟ್ಟಿಯಾಗಿ ಹಿಡಿದಳು, ಅವಳಿಗೂ ಆ ಕಥೆಯೇ ನೆನಪಾಗಿತ್ತು. ಕ್ಷಮೆ ಕೇಳಬೇಕಾದವಳು ನನ್ನ ಹಿಂದೆ ಸರಿದಳು. ಹಾಗಾಗಿ ನಾನೇ ಮೊದಲು ಮಾತಾಡಿದೆ.

“ಅವತ್ತ ನೀ ಕೇಳಿದ್ದಿಯಲ್ಲ, ಗುಬ್ಬಿಗೆ ಯಾರೂ ಬೈಲಿಲ್ಲೇನು ಅಂತ. ನಾ ಸುಳ್ಳು ಹೇಳಿದೆ. ಗುಬ್ಬಿ ಅವ್ವ ಮನ್ಯಾಗ ಇದ್ಲು. ಎಲ್ಲಾ ನೋಡ್ಲಿಕತ್ತಿದ್ಲು.”

ಅವಳು ಜಾಳಿಗೆಗೆ ಬೆರಳು ಸಿಕ್ಕಿಸಿಕೊಂಡು ಒಮ್ಮೆ ನನ್ನ ಮಗಳನ್ನು ನೋಡಿದಳು, ಒಮ್ಮೆ ನನ್ನನ್ನು.

“ಗೊತ್ತೈತ್ರಿ ಕಾಕು. ನೀವು ಬಾಲ್ಕನ್ಯಾಗಿಂದ ನನಗ ಕೈ ಬೀಸಿದ್ರಲ್ಲ” ಎಂದಳು. “ಅದಕ್ಕ ನಾ ಖರೇನ ಆಟದಾಗ ಅದೇನಿ ಅನ್ಕೊಂಡಿದ್ನಿ.”

ಬಚ್ಚಲಿನ ನೀರು ಇನ್ನೂ ಬೀಳುತ್ತಿತ್ತು. ನಾವಿಬ್ಬರೂ ಡಬ್ಬಿ ಹಿಡಿದು ಹೊರಗೆ ನಿಂತೆವು.